ಆ ಹೆಸರಿನದು ಆಗಲೇ ಇದೆ

ಶಶಿಧರ್ ಮೇಷ್ಟ್ರು ಮೂರನೆಯ ವಾಕ್ಯಕ್ಕೆ ಬರುವವರೆಗೂ ದಯಾನಂದನಿಗೆ ಏನೂ ಅನ್ನಿಸಿರಲಿಲ್ಲ. ಬಸರಿಖಾನಿನ ಶಾಲೆಯ ಹಿಂಬದಿ ಗೋಡೆಗೆ ಒರಗಿ, ಕಣ್ಣನ್ನು ಅರ್ಧ ಮುಚ್ಚಿ, ಓದುವವರ ಉಸಿರು ಎಲ್ಲಿ ತಂಗುತ್ತದೆ, ಎಲ್ಲಿ ಎದ್ದು ಹೊರಡುತ್ತದೆ ಎಂಬುದನ್ನಷ್ಟೇ ಹಿಡಿಯುತ್ತ ನಿಂತಿದ್ದ. ಕೇಳುವುದೆಂದರೆ ಚಿಕ್ಕಂದಿನಿಂದ ಅವನಿಗೆ ಇದೇ. ಶ್ರಾವಣದಲ್ಲಿ ಬಂಗಲೆಯ ಜಗಲಿಯ ಮೇಲೆ ಪುರಾಣ ಓದಿಸುತ್ತಿದ್ದಾಗ ಮೆಟ್ಟಿಲಿನ ಕೆಳಗೆ, ಒಳಗಿದ್ದವರ ಚಪ್ಪಲಿಗಳ ಪಕ್ಕದಲ್ಲಿ, ಅವ್ವನ ತೊಡೆಗೆ ಅಂಟಿ ಕೂತು, ಅರ್ಥವಾಗದ ಪದ್ಯಗಳನ್ನು ಉಸಿರಿನ ಅಳತೆಯಿಂದಲೇ ನೆನಪಿಟ್ಟುಕೊಂಡವನು. ಇಂದಿಗೂ ಯಾರಾದರೂ ಜೋರಾಗಿ ಓದಿದರೆ ಮಾತಿಗಿಂತ ಮೊದಲು ಅದರ ಸದ್ದು ಒಳಕ್ಕೆ ಇಳಿಯುತ್ತದೆ. ಹಾಗಾಗಿ, ‘ನಾನು ಕಂಡ ಹಾಗೆ ಆ ಜಾಗದಲ್ಲಿ ಕಾಯಂ ವಾಸ ಅಂತ ಯಾರೂ ಇರಲಿಲ್ಲ, ಹಣ್ಣು ಕುಯ್ಯುವ ಕಾಲಕ್ಕೆ ಆಳುಗಳು ಬರುತ್ತಿದ್ದರು, ಕುಯ್ಲು ಮುಗಿದ ಮೇಲೆ ಹೋಗುತ್ತಿದ್ದರು’ ಎಂದು ಓದಿ ಮೇಷ್ಟ್ರು ಉಸಿರು ತೆಗೆದುಕೊಂಡಾಗ, ಅವನಿಗೆ ಮೊದಲು ಕೇಳಿಸಿದ್ದು ಆ ವಾಕ್ಯದ ನಡಿಗೆ. ಅವಸರವಿಲ್ಲದ, ಕುರ್ಚಿಯಲ್ಲಿ ಕೂತು ಆಡಿದ ಮಾತಿನ ನಡಿಗೆ. ಲೈನಿನ ನಂಜಮ್ಮ ಹಾಗೆ ಮಾತಾಡುವವಳೇ ಅಲ್ಲ. ಅರ್ಥ ಆಮೇಲೆ ಬಂತು. ಬಂದದ್ದೇ ಬೆನ್ನ ಹಿಂದೆ ಗೋಡೆ ಇದೆಯೋ ಇಲ್ಲವೋ ಎಂದು ಅಂಗೈಯಿಂದ ಮುಟ್ಟಿ ನೋಡಿಕೊಂಡ.

ಶಾಲೆಯಲ್ಲಿ ನಲವತ್ತು ಜನರಿದ್ದರು. ಬಂದಿದ್ದದ್ದು ಆರು ಮನೆಗಳ ಅರ್ಜಿಗಾಗಿ. ಎಸ್ಟೇಟಿನ ಬೇಲಿಗೂ ಕಾಡಿಗೂ ನಡುವಿನ ಇಳುಕಲಿನಲ್ಲಿ ಮೂರು ತಲೆಮಾರಿನಿಂದ ಇರುವ, ಊರವರು ಲೈನು ಎಂದು ಕರೆಯುವ ಆರು ಮನೆಗಳಿಗೆ ಆ ಜಾಗದ ಹಕ್ಕು ಕೊಡಬೇಕೋ ಬೇಡವೋ ಎಂದು ಊರಿನ ಅರಣ್ಯ ಹಕ್ಕು ಸಮಿತಿ ಇವತ್ತು ತೀರ್ಮಾನಿಸಿ ಮೇಲಕ್ಕೆ ಕಳಿಸಬೇಕಿತ್ತು. ಅವರ ಹತ್ತಿರ ಕಾಗದಪತ್ರ ಒಂದೂ ಇಲ್ಲ. ಇದ್ದದ್ದು ಊರಿನ ಹಿರಿಯಳೊಬ್ಬಳ ಹೇಳಿಕೆ. ಲೈನಿನ ನಂಜಮ್ಮನೇ ಆ ಹಿರಿಯಳು. ಅವಳ ಮಾತನ್ನು ಟೇಪಿನಲ್ಲಿ ಹಿಡಿದು, ಮೂಡಿಗೆರೆಯ ಆಫೀಸಿನಲ್ಲಿ ಕೂತು ಟೈಪು ಮಾಡಿ, ಕಳಸದಲ್ಲಿ ಅಚ್ಚು ತೆಗೆದು, ಮೇಲುಗಡೆ ‘ನಂಜಮ್ಮ, ಬಸರಿಖಾನು’ ಎಂದು ತನ್ನ ಕೈಯಿಂದಲೇ ಬರೆದು, ಹೆಬ್ಬೆಟ್ಟು ಒತ್ತಿಸಿ ತಂದುಕೊಟ್ಟವನು ದಯಾನಂದ. ಹದಿನೈದು ವರ್ಷ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆದು, ಎರಡು ವರ್ಷದಿಂದ ಈ ಜನರ ಪರವಾಗಿ ಹೇಳಿಕೆ ಬರೆದುಕೊಡುವ ಸಣ್ಣ ಸಂಸ್ಥೆಯೊಂದರಲ್ಲಿದ್ದ. ಆದರೂ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ರೈಟ್ರೆ ಎಂದೇ.

“ಏನ್ ಓದ್ತಿದೀರಿ ಮೇಷ್ಟ್ರೆ?” ನಂಜಮ್ಮನ ಮಗ ಬೆಳ್ಳಿಯಪ್ಪ, ಆರರಲ್ಲಿ ಒಂದು ಮನೆಯವನು, ಎದ್ದು ನಿಂತಿದ್ದ. “ನಮ್ಮವ್ವ ಹಂಗಂದ್ಲಾ? ಹಂಗಾದ್ರೆ ನಾನೇನು ಸೀಸನ್ನಿಗೆ ಬಂದು ಹುಟ್ಟಿ ಹೋದ್ನಾ?”

ಯಾರೋ ನಕ್ಕು ನಿಲ್ಲಿಸಿದರು.

“ನಾನು ಬರ್ದಿದ್ದಲ್ಲ ಮಾರಾಯ, ಇರೋದನ್ನ ಓದ್ತಿದೀನಿ,” ಎಂದರು ಸಮಿತಿಯ ಕಾರ್ಯದರ್ಶಿಯೂ ಆಗಿದ್ದ ಮೇಷ್ಟ್ರು. “ಮೇಲೆ ನಂಜಮ್ಮ ಅಂತಿದೆ. ಕೆಳಗೆ ಹೆಬ್ಬೆಟ್ಟಿದೆ.”

ಅಧ್ಯಕ್ಷ ನಿಂಗಯ್ಯ ಕಾಗದ ಇಸಿದುಕೊಂಡು ಹೆಂಗಸರ ಸಾಲಿನ ಕಡೆ ಚಾಚಿದ. “ನೋಡು ನಂಜಮ್ಮ. ನಿಂದೇನಾ?”

ನಂಜಮ್ಮ ಚಾಪೆಯ ಮೇಲಿಂದ ಏಳಲಿಲ್ಲ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಕ್ಷರಗಳ ಮೇಲೆ ಕಣ್ಣೇ ಹಾಕದೆ, ನೇರ ಕೆಳಗಿನ ನೀಲಿ ಗುರುತಿಗೆ ಬಂದಳು. ಕತ್ತಿ ತಾಗಿ ಆದ ಹಳೆಯ ಗಾಯದ ಗೆರೆ ಅದರ ನಡುವೆ ಬೆಳ್ಳಗೆ ಬಿದ್ದಿತ್ತು. ತನ್ನ ಹೆಬ್ಬೆರಳನ್ನು ಪಕ್ಕಕ್ಕಿಟ್ಟು ನೋಡಿದಳು.

“ಬೆಟ್ಟು ನಂದೇ. ಮಾತು ನಂದಲ್ಲ.”

ಆಮೇಲೆ ದಯಾನಂದನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿದ್ದಿದ್ದರೆ ಅವನಿಗೆ ನೋಡಲು ಆಗುತ್ತಿತ್ತು. “ರೈಟ್ರೆ, ಇದ್ಯಾರ ಮಾತು?”

ಯಾರ ಮಾತೆಂದು ಅವನಿಗೆ ಗೊತ್ತಿತ್ತು. ದೊಡ್ಡಮನೆಯ ನಂಜಮ್ಮನವರದ್ದು. ಅದೇ ಎಸ್ಟೇಟಿನ ಧಣಿಗಳ ತಾಯಿ, ಅದೇ ವಯಸ್ಸು, ಅದೇ ಊರು. ಊರಿನ ಹಿರಿಯರೆಲ್ಲರ ಮಾತನ್ನೂ ಹಿಡಿದಿಡಿ ಎಂದು ಸಂಸ್ಥೆಯವರು ಹೇಳಿದ್ದಕ್ಕೆ ಅವರದ್ದನ್ನೂ ತೆಗೆದುಕೊಂಡಿದ್ದ. ಅದು ಯಾವ ಅರ್ಜಿಗೂ ಸೇರಬೇಕಾದದ್ದಲ್ಲ. ಅದನ್ನು ಟೈಪು ಮಾಡಿದ ದಿನ ಬೆನ್ನು ನೆಟ್ಟಗೆ ಮಾಡಿ ಕೂತಿದ್ದದ್ದು ಈಗ ನೆನಪಾಯಿತು. ಲೈನಿನ ನಂಜಮ್ಮನ ಟೇಪು ಕೇಳುವಾಗ ಕಾಲು ಚಾಚಿ, ಗೋಡೆಗೆ ತಲೆ ಕೊಟ್ಟು ಮಲಗಿದಂತೆ ಕೂತಿದ್ದ. ಇಬ್ಬರ ಮುದ್ರಿತ ಧ್ವನಿಯಷ್ಟೇ ಅಲ್ಲಿದ್ದದ್ದು, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಅದಲು ಬದಲಾಗಿದೆ,” ಎಂದ. “ಕಂಪ್ಯೂಟರಿಂದ ಏನೋ ಆಗಿದೆ.”

“ಕಂಪ್ಯೂಟರಿಗೂ ನಮ್ಮ ಮೇಲೆ ಸಿಟ್ಟಾ ರೈಟ್ರೆ?” ನಿಂಗಯ್ಯ ನಗಲಿಲ್ಲ. “ಇವತ್ತೇ ಕಡೇ ದಿನ. ಊಟ ಮಾಡ್ಕೊಂಡು ಮೂರು ಗಂಟೆಗೆ ಕೂತ್ಕೊಳಾಣ. ಅಷ್ಟರೊಳಗೆ ಸರಿ ಕಾಗದ ಬಂದ್ರೆ ನೋಡಾಣ. ಬರ್ದಿದ್ರೆ ಇದ್ನೇ ಮೇಲಕ್ಕೆ ಕಳಿಸ್ಬೇಕಾಗತ್ತೆ. ಬೆಟ್ಟು ಇದೆಯಲ್ಲ ಇದ್ರಲ್ಲಿ.”

ಕಳಸಕ್ಕೆ ಹೋಗುವ ಜೀಪಿನಲ್ಲಿ ಹನ್ನೊಂದು ಜನರ ನಡುವೆ ಒಂದು ತೊಡೆಯ ಮೇಲೆ ಕೂತು ಹೋದ. ಫೆಬ್ರವರಿಯ ಬಿಸಿಲು, ರಸ್ತೆಯ ಕೆಂಪು ಧೂಳು, ಕಣಗಳಲ್ಲಿ ಹರವಿದ ಕಾಫಿಯ ಹುಳಿಮಿಶ್ರಿತ ವಾಸನೆ. ಪಕ್ಕದವರು ಯಾರದೋ ಮದುವೆಯ ಮಾತಾಡುತ್ತಿದ್ದರು. ಅವನ ಕಿವಿಯಲ್ಲಿದ್ದದ್ದು ಬೇರೆ ಮಾತು. ‘ಓದಿ ಹೇಳಲ್ವಾ ರೈಟ್ರೆ?’ ಜನವರಿಯ ಒಂದು ಮಧ್ಯಾಹ್ನ, ಲೈನಿನ ಅಂಗಳ, ಅವಳು ಮೊರದಲ್ಲಿ ಕಾಫಿ ಆರಿಸುತ್ತ ಕೂತಿದ್ದಳು. ಅವನು ಆರು ಪ್ರತಿಗಳನ್ನು ಮೊರದ ಅಂಚಿನ ಮೇಲೆ ಹರಡಿ, ಶಾಯಿಯ ಡಬ್ಬಿ ತೆಗೆದಿದ್ದ. ‘ನೀನು ಹೇಳಿದ್ದೇ ಇದೆಯಲ್ಲ ನಂಜಮ್ಮ, ಮತ್ತೆ ಓದೋಕೇನಿದೆ? ಬಸ್ಸು ತಪ್ಪತ್ತೆ.’ ಅವಳು ಸೆರಗಿಗೆ ಕೈ ಒರೆಸಿಕೊಂಡು ಬೆರಳು ಕೊಟ್ಟಿದ್ದಳು. ಬಸ್ಸು ಇದ್ದದ್ದು ನಾಲ್ಕು ಗಂಟೆಗೆ. ಆಮೇಲೆ ಒಂದು ಗಂಟೆ ಹೊತ್ತು ರಸ್ತೆಯ ಮೋರಿಯ ಮೇಲೆ ಕೂತು ಕಡಲೆಕಾಯಿ ತಿಂದಿದ್ದ. ಹಸಿವಿರಲಿಲ್ಲ, ಹೊತ್ತು ಹೋಗಬೇಕಿತ್ತು. ಅದಕ್ಕೆ ಎರಡು ದಿನ ಮುಂಚೆ ದೊಡ್ಡಮನೆಯ ಜಗಲಿಯಲ್ಲಿ ನಿಂತುಕೊಂಡೇ ನಂಜಮ್ಮನವರ ಹೇಳಿಕೆಯನ್ನು ಎರಡು ಸಲ ಓದಿದ್ದ. ಮೊದಲನೆಯ ಸಲ ಅವರು ‘ಆಳುಗಳು ಅಂತ ಹಾಕಿದೀಯಲ್ಲ, ಸರಿ’ ಎಂದಿದ್ದರು. ಎರಡನೆಯ ಸಲ ಓದಲು ಅವರೇನೂ ಹೇಳಿರಲಿಲ್ಲ. ಅವನೇ ‘ಇನ್ನೊಂದ್ಸಲ ಓದ್ತೀನಿ ಅಮ್ಮಾ, ಏನಾದ್ರೂ ತಪ್ಪಿದ್ರೆ’ ಎಂದು ಓದಿದ್ದ. ಒಳಗಿನಿಂದ ಕಾಫಿ ಬಂದಿತ್ತು, ಹೊರಗಿನವರಿಗೆ ಇಡುವ ಲೋಟದಲ್ಲಿ. ಅದನ್ನು ತೊಳೆದು ಬೋರಲು ಹಾಕಿ ಬಂದಿದ್ದ. ಜೀಪು ತಿರುವಿನಲ್ಲಿ ವಾಲಿದಾಗ ಪಕ್ಕದವನ ಮೊಣಕೈ ಪಕ್ಕೆಗೆ ಚುಚ್ಚಿತು. ಆ ನೋವು ಒಳ್ಳೆಯದಾಯಿತು ಎನ್ನಿಸಿತು.

ಕಳಸದ ಆಫೀಸು ಬಟ್ಟೆಯಂಗಡಿಯ ಮೇಲಿನ ಒಂದು ಕೋಣೆ. ಅಲ್ಲಿದ್ದದ್ದು ವಿಂಡೋಸಿನ ಕಂಪ್ಯೂಟರು ಮತ್ತು ಅಚ್ಚು ಯಂತ್ರ. ಮೂಡಿಗೆರೆಯಲ್ಲಿ ಅವನು ಟೈಪು ಮಾಡುತ್ತಿದ್ದದ್ದು ಯಾರೋ ದಾನ ಕೊಟ್ಟ, ಲಿನಕ್ಸ್ ಹಾಕಿದ್ದ ಹಳೆಯ ಪೆಟ್ಟಿಗೆಯಲ್ಲಿ. ಬರೆದ ಫೈಲುಗಳೆಲ್ಲ ಚಿಕ್ಕಮಗಳೂರಿನ ಆಫೀಸಿನ ಸರ್ವರಿಗೆ ಹೋಗಿ ಸೇರಬೇಕು. ಯಾರು ಯಾವತ್ತು ಯಾವುದನ್ನು ಬದಲಿಸಿದರು ಎಂಬುದನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತದೆ. ಬೇಕಾದಾಗ ಇಲ್ಲಿಗೆ ಇಳಿಸಿಕೊಂಡು ಅಚ್ಚು ತೆಗೆಯಬೇಕು. ಹೀಗೆಂದು ವ್ಯವಸ್ಥೆ ಮಾಡಿ ಹೇಳಿಕೊಟ್ಟವಳು ರಂಜಿತಾ, ಸರ್ವರು ನೋಡಿಕೊಳ್ಳುವ ಹುಡುಗಿ. ಅವನು ಗುಂಡಿ ಒತ್ತಿ ಮತ್ತೆ ಇಳಿಸಿಕೊಂಡ. ಒಂದೊಂದೇ ಹೆಸರು ಹಸಿರಾಗಿ ಹರಿದು ಬಂತು, ಆಮೇಲೆ ನಿಂತಿತು, ಕೊನೆಗೆ ಒಂದು ಕೆಂಪು ಸಾಲು. ಜನವರಿಯಲ್ಲೂ ಇದೇ ಬಂದಿತ್ತು. ಇಂಗ್ಲಿಷಿನ ಆ ಸಾಲನ್ನು ಅವತ್ತು ಬೆರಳಿಟ್ಟು ಓದಿಕೊಂಡಿದ್ದ: ನಂಜಮ್ಮನ ಫೈಲನ್ನು ಸೇರಿಸಲು ಆಗಲಿಲ್ಲ, ಆ ಹೆಸರಿನದು ಆಗಲೇ ಇದೆ. ಓದಿ ಅವನಿಗೆ ಸಮಾಧಾನವಾಗಿತ್ತು. ಆಗಲೇ ಇದೆಯಂತೆ. ಇದ್ದ ಮೇಲೆ ಇನ್ನೇನು ಎಂದು ಇದ್ದದ್ದನ್ನು ತೆಗೆದು ಆರು ಪ್ರತಿ ಅಚ್ಚು ಹಾಕಿದ್ದ. ಹಾಳೆಗಳು ಬಿಸಿಬಿಸಿಯಾಗಿ ಹೊರಬರುವಾಗ ಒಂದನ್ನೂ ಓದಿರಲಿಲ್ಲ. ಬರೆದವನೇ ತಾನು, ಓದುವುದೇನು ಎಂದುಕೊಂಡಿದ್ದ.

ಫೋನು ಎತ್ತಿದ ರಂಜಿತಾಳಿಗೆ ಅವನು ಎಲ್ಲವನ್ನೂ ತಲೆಕೆಳಗಾಗಿ ಹೇಳಿದ. ಅವಳು ಸುಮ್ಮನೆ ಕೇಳಿ, “ಸಾರ್, ಸ್ವಲ್ಪ ನಿಲ್ಸಿ, ಕೆಂಪು ಸಾಲು ಓದಿ,” ಎಂದಳು. ಓದಿದ.

“ಅಯ್ಯೋ. ನಂಜಮ್ಮ ಅಂತ ಎರಡು ಮಾಡಿದೀರಾ?”

“ಇಬ್ಬರಿದ್ದಾರೆ.”

“ಇಬ್ಬರಿರ್ಲಿ ಸಾರ್. ಒಂದು ದೊಡ್ಡ ಅಕ್ಷರದ ಎನ್, ಇನ್ನೊಂದು ಚಿಕ್ಕ ಎನ್. ಉಳಿದಿದ್ದೆಲ್ಲಾ ಒಂದೇ. ನಿಮ್ಮ ಮೂಡಿಗೆರೆ ಮಷೀನೂ ನನ್ನ ಸರ್ವರೂ ಅದನ್ನ ಎರಡು ಅಂತ ನೋಡತ್ವೆ. ವಿಂಡೋಸ್‌ಗೆ ದೊಡ್ಡದೂ ಚಿಕ್ಕದೂ ಒಂದೇ. ಒಂದು ಬಂದು ಕೂತ್ಮೇಲೆ ಇನ್ನೊಂದಕ್ಕೆ ಜಾಗ ಇಲ್ಲ ಅನ್ನತ್ತೆ.”

“ಹಾಗಾದ್ರೆ ಇನ್ನೊಂದು ಹೋಯ್ತಾ?”

“ಹೋಗಿಲ್ಲ. ಇಲ್ಲಿ ಎರಡೂ ಇದೆ. ನಿಮಗೆ ಕಾಣ್ತಿಲ್ಲ, ಅಷ್ಟೆ. ನೀವಲ್ಲಿ ಹೆಸರು ಬದಲಾಯಿಸಕ್ಕೆ ಹೋಗ್ಬೇಡಿ, ಗಲಿಬಿಲಿ ಆಗತ್ತೆ. ಸರ್ವರಲ್ಲೇ ನೇರ ಮಾಡ್ಬೇಕು, ನಾನು ಮಾಡ್ತೀನಿ. ಹೇಳಿ, ಯಾವುದರ ಹೆಸರು ಬದಲಾಯಿಸ್ಲಿ?”

“ಚಿಕ್ಕದರದ್ದು. ಅವರದ್ದು ಹಾಗೇ ಇರ್ಲಿ.”

ಯೋಚಿಸಿ ಹೇಳಿದ್ದಲ್ಲ. ಮಾತು ಬಾಯಿಂದ ಹೊರಬಿದ್ದು ಕೋಣೆಯಲ್ಲಿ ನಿಂತ ಮೇಲೆ ಅದನ್ನು ಅವನು ಕೇಳಿಸಿಕೊಂಡ. ಅವರದ್ದು. ಯಾವ ಫೈಲು ಯಾರದ್ದೆಂದು ರಂಜಿತಾ ಇನ್ನೂ ಹೇಳಿರಲಿಲ್ಲ, ಅವನೂ ನೆನಪು ಮಾಡಿಕೊಂಡಿರಲಿಲ್ಲ. ದೊಡ್ಡದು ಎಂದ ಕೂಡಲೇ ಅದು ದೊಡ್ಡಮನೆಯವರದ್ದು ಎಂದು ಒಳಗೆ ಯಾರಿಗೋ ಗೊತ್ತಿತ್ತು. ಫೈಲಿನ ಹೆಸರು ಇಂಗ್ಲಿಷಿನಲ್ಲಿರಲಿ, ಹೇಳಿದವರ ಹೆಸರು ಮತ್ತು ಊರು ಮಾತ್ರ, ಅವರು ಇವರು ಅಂತೇನೂ ಸೇರಿಸಬೇಡಿ ಎಂದು ಎರಡು ವರ್ಷದ ಕೆಳಗೆ ಅವಳೇ ಹೇಳಿಕೊಟ್ಟಿದ್ದಳು. ಅವನು ಒಪ್ಪಿಕೊಂಡಿದ್ದ. ಬರೇ ನಂಜಮ್ಮ ಎಂದು ದೊಡ್ಡಮನೆಯವರನ್ನು ಬರೆಯುವುದು ಹೇಗೆ ಎಂದು ಬೆರಳು ತಡೆದಿರಬೇಕು. ಇಡಲು ಬೇರೆ ಜಾಗವಿಲ್ಲದ ಆ ಗೌರವವನ್ನು ಮೊದಲನೆಯ ಅಕ್ಷರದ ಮೇಲೆ ಇಟ್ಟಿರಬೇಕು. ಇಂಗ್ಲಿಷಿನಲ್ಲೇ ಬರೆಯುತ್ತಿದ್ದ ಎಸ್ಟೇಟಿನ ಹಾಜರಿ ಪುಸ್ತಕದಲ್ಲೂ ಹಾಗೇ. ಧಣಿಗಳ ಮನೆಯವರ ಹೆಸರು ಬಂದರೆ ಪೆನ್ನು ಒತ್ತಿ, ದೊಡ್ಡಕ್ಷರದಿಂದ ಶುರು. ಆಳುಗಳ ಹೆಸರನ್ನು ಬೆಳಿಗ್ಗೆ ಏಳೂವರೆಯ ಗಡಿಬಿಡಿಯಲ್ಲಿ ಒಂದೇ ಗೀಟಿನಲ್ಲಿ ಸಣ್ಣಗೆ ಎಳೆದದ್ದು. ಹಾಗೆ ಬರೆ ಎಂದು ಯಾರೂ ಹೇಳಿರಲಿಲ್ಲ.

“ಸಾರ್, ಇದ್ದೀರಾ? ಇರಿ, ಬೇರೆ ಜೋಡಿ ಇದೆಯಾ ಅಂತ ಪೂರ್ತಿ ಪಟ್ಟಿ ನೋಡ್ಬಿಡ್ತೀನಿ.” ಕೀಲಿಗಳ ಸದ್ದು ಕೇಳಿಸಿತು. “ಜೋಡಿ ಇದೊಂದೇ. ಆದ್ರೆ ವಿಚಿತ್ರವಾಗಿದೆ ಸಾರ್. ನೂರಾ ನಲವತ್ತು ಚಿಲ್ಲರೆ ಹೇಳಿಕೆ. ಹದಿಮೂರು ಮಾತ್ರ ದೊಡ್ಡಕ್ಷರ. ಶಾಂತಕುಮಾರಿ, ಸರೋಜಮ್ಮ... ಇವ್ರೆಲ್ಲಾ ಎಸ್ಟೇಟ್ ಮನೆಯವ್ರಲ್ವಾ? ನೀವೇನಾದ್ರೂ ರೂಲ್ ಇಟ್ಕೊಂಡಿದ್ರಾ?”

“ಇಲ್ಲ,” ಎಂದ. ನಿಜ. ಇಟ್ಟುಕೊಂಡಿರಲಿಲ್ಲ.

“ಅದೇ ಅಂದ್ಕೊಂಡೆ. ಯಾಕಂದ್ರೆ ರಾಮಮ್ಮ, ಬಣಕಲ್, ಅಂತ ಮೊದಲ್ನೇದೇ ಇದೆಯಲ್ಲ, ಟೇಪು ಪರೀಕ್ಷೆ ಮಾಡಕ್ಕೆ ಅಂತ ತಗೊಂಡಿದ್ದು? ನಿಮ್ಮ ತಾಯಿ ಅಲ್ವಾ ಅದು? ಅವ್ರದೂ ಚಿಕ್ಕದ್ರಲ್ಲೇ ಇದೆ.”

ಅವಳ ದನಿಯಲ್ಲಿ ಏನೂ ಇರಲಿಲ್ಲ. ಪಟ್ಟಿ ಓದುವವರ ದನಿ. ದಯಾನಂದ ರಿಸೀವರನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಕಿಟಕಿಯ ಕೆಳಗೆ ಅಂಗಡಿಯವನು ಯಾರಿಗೋ ಸೀರೆ ಬಿಡಿಸಿ ತೋರಿಸುತ್ತಿದ್ದ, ಅದರ ಅಂಚು ಮುಗಿಯುವಂತೆಯೇ ಕಾಣಲಿಲ್ಲ. ಅವ್ವನ ಮುಂದೆ ಟೇಪು ಇಟ್ಟ ದಿನ ಅವಳು ನಾಚಿ, ಸೆರಗು ಸರಿಮಾಡಿಕೊಂಡು, ‘ಏನ್ ಹೇಳ್ಲಿ ಮಗಾ, ನಂಗೇನು ಗೊತ್ತು’ ಎಂದು ಶುರುಮಾಡಿ ನಲವತ್ತು ನಿಮಿಷ ಹೇಳಿದ್ದಳು. ಹೊತ್ತ ಮೂಟೆ, ಜಿಗಣೆ ಹತ್ತಿದ ಕಾಲು, ಮೆಟ್ಟಿಲ ಕೆಳಗೆ ಕೂತು ಕೇಳಿದ ಪುರಾಣ. ಮೂಡಿಗೆರೆಗೆ ಬಂದು, ಅದನ್ನು ಕೇಳುತ್ತ ಕಣ್ಣೊರೆಸಿಕೊಂಡು, ಟೈಪು ಮುಗಿಸಿ, ಹೆಸರಿಟ್ಟಿದ್ದ. ಕಣ್ಣೊರೆಸಿದ ಅದೇ ಬೆರಳಿನಿಂದ. ಆಗ ಯಾರು ನೋಡುತ್ತಿದ್ದರು? ಯಾವ ಧಣಿ ಬೆನ್ನ ಹಿಂದೆ ನಿಂತಿದ್ದರು? ಜಗತ್ತಿನಲ್ಲಿ ಯಾರಿಗೂ ಗೊತ್ತಾಗದ ಕಡೆಯಲ್ಲಿ ತನ್ನ ಹೆತ್ತವಳನ್ನು ಚಪ್ಪಲಿಗಳ ಪಕ್ಕದಲ್ಲಿ ಕೂರಿಸಿ ಬಂದವನು ತಾನು, ಇನ್ನು ನಂಜಮ್ಮ ಯಾವ ಲೆಕ್ಕ. ಈ ಪೆಟ್ಟಿಗೆಗೆ ದೊಡ್ಡದು ಚಿಕ್ಕದು ತಿಳಿಯದು. ತಿಳಿಯದೆ, ಯಾರು ಮೊದಲು ಬಂದು ಕೂತರೋ ಅವರನ್ನು ಇರಿಸಿಕೊಂಡು ಇನ್ನೊಬ್ಬರನ್ನು ಬಾಗಿಲಲ್ಲೇ ನಿಲ್ಲಿಸಿತ್ತು. ಅದನ್ನು ಬೈಯಲು ಅವನಿಗೆ ಬಾಯಿ ಬರಲಿಲ್ಲ.

“ಹಾಗಾದ್ರೆ ಹೀಗೆ ಮಾಡ್ತೀನಿ,” ಎನ್ನುತ್ತಿದ್ದಳು ರಂಜಿತಾ. “ಒಂದು ಬದಲಾಯಿಸಿದ್ರೆ ನಾಳೆ ಮತ್ತೆ ಇನ್ನೊಂದು ಬರತ್ತೆ. ಎಲ್ಲಾನೂ ಚಿಕ್ಕಕ್ಷರ ಮಾಡಿ ಪಕ್ಕದಲ್ಲಿ ಮನೆ ನಂಬರ್ ಹಾಕ್ಬಿಡ್ತೀನಿ. ಇನ್ಮೇಲೆ ಒಂದೇ ಥರದ ಎರಡು ಹೆಸರು ಬಂದ್ರೆ ಸರ್ವರೇ ಬೇಡ ಅನ್ನೋ ಹಾಗೆ ಕಾವಲೂ ಇಡ್ತೀನಿ. ಸರಿನಾ?”

ದೊಡ್ಡಮನೆಯ ನಂಜಮ್ಮನವರೂ ಚಿಕ್ಕಕ್ಷರಕ್ಕೆ ಇಳಿಯುತ್ತಾರೆ ಎಂದು ಕೇಳಿ ಅವನ ಬೆನ್ನಲ್ಲಿ ಒಂದು ಅಳುಕು ಓಡಿತು. ಈಗಲೂ, ಇಷ್ಟಾದ ಮೇಲೂ. ಅವರ ಕಣ್ಣಿಗೆ ಬಿದ್ದರೆ ಎಂದಿತು ಅದು. ಅವನು ಆ ಅಳುಕನ್ನು ಅಸಹ್ಯದಿಂದ ನೋಡಿದ, ಕೈಮೇಲೆ ಹತ್ತಿದ ಹುಳವನ್ನು ನೋಡುವ ಹಾಗೆ. “ಸರಿ,” ಎಂದ. “ಮಾಡಮ್ಮ.”

ಹಳೆಯ ಫೋಲ್ಡರನ್ನು ಪೂರ್ತಿ ತೆಗೆದು ಹೊಸದಾಗಿ ಇಳಿಸಿಕೊಳ್ಳಲು ಹೇಳಿದಳು. ಈ ಸಲ ಕೆಂಪು ಸಾಲು ಬರಲಿಲ್ಲ. ನಂಜಮ್ಮ ಎರಡು ಸಲ ಬಂದಳು, ಒಂದರ ಕೆಳಗೊಂದು, ಒಂದೇ ಎತ್ತರ. ಕೆಳಗಿನದನ್ನು ತೆರೆದ. ‘ನಮ್ಮವ್ವ ನನ್ನ ಹೆತ್ತಿದ್ದು ಆ ಇಳುಕಲಲ್ಲೇ. ಆಗ ಆನೆ ಬರ್ತಿತ್ತು, ಬೆಂಕಿ ಹಾಕ್ಕೊಂಡು ಕೂತಿದ್ರಂತೆ.’ ಇದು ಅವಳ ನಡಿಗೆ, ಒಂದು ಮಾತಿನ ಹೆಗಲ ಮೇಲೆ ಇನ್ನೊಂದು ಕೈಯಿಟ್ಟು ಓಡುತ್ತ ಬರುವುದು. ಆರು ಪ್ರತಿ ತೆಗೆದು ಚೀಲಕ್ಕೆ ಹಾಕಿಕೊಂಡಾಗ ಎರಡೂಕಾಲು.

ತಿರುಗಿ ಹೋಗುವ ಜೀಪಿನಲ್ಲಿ ಹೇಳಬೇಕಾದ್ದನ್ನು ಜೋಡಿಸಿಕೊಂಡ. ದೊಡ್ಡಕ್ಷರ, ಚಿಕ್ಕಕ್ಷರ, ವಿಂಡೋಸು, ಸರ್ವರು. ಎಲ್ಲವೂ ನಿಜ, ಯಾರು ಬೇಕಾದರೂ ಫೋನು ಮಾಡಿ ವಿಚಾರಿಸಬಹುದು. ಕೇಳಿದರೆ ಮೇಷ್ಟ್ರಿಗೆ ಅರ್ಥವಾಗುತ್ತದೆ, ಮಿಕ್ಕವರು ಮೇಷ್ಟ್ರ ಮುಖ ನೋಡಿ ತಲೆಯಾಡಿಸುತ್ತಾರೆ. ಶಾಲೆಯ ಹತ್ತಿರ ಬಂದಾಗ ಆ ಮಾತು ಎಷ್ಟು ನುಣುಪಾಗಿತ್ತೆಂದರೆ ಅವನಿಗೇ ಭಯವಾಯಿತು.

ಹೇಳಿದ. ಅಂದುಕೊಂಡ ಹಾಗೆಯೇ ಮೇಷ್ಟ್ರು ತಲೆಯಾಡಿಸಿದರು. ನಿಂಗಯ್ಯ ಮಾತ್ರ ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿ ಮೇಜಿನ ಮೇಲೆ ಇಟ್ಟುಕೊಂಡು ನೋಡುತ್ತ ಕೂತಿದ್ದ.

“ಅದೆಲ್ಲಾ ಇರ್ಲಿ ರೈಟ್ರೆ. ಮಷೀನು ತಪ್ಪು ಕಾಗದ ಕೊಡ್ತು. ಒಪ್ದೆ. ಆದ್ರೆ ಇಲ್ಲಿ ನೋಡಿ.” ಹಳೆಯ ಹಾಳೆಯ ತಳದಲ್ಲಿ ಬೆರಳಿಟ್ಟ. “‘ಮೇಲಿನದನ್ನು ಓದಿ ಹೇಳಿ, ಒಪ್ಪಿದ ಮೇಲೆ ಹೆಬ್ಬೆಟ್ಟು ಪಡೆದಿದ್ದೇನೆ.’ ಅದ್ರ ಪಕ್ಕ ನಿಮ್ಮ ಸೈನು. ನಾಳೆ ಮೇಲಿನವ್ರು ಕೇಳ್ತಾರೆ. ಓದಿ ಹೇಳಿದ್ಮೇಲೇ ತಾನೆ ಮುದುಕಿ ಒತ್ತಿದ್ದು, ಈಗ ಹೊಸ ಕಥೆ ಕಟ್ಕೊಂಡು ಬಂದ್ರಾ ಅಂತಾರೆ. ನಾನೇನ್ ಹೇಳ್ಲಿ?”

ಮೇಷ್ಟ್ರು ಕನ್ನಡಕ ತೆಗೆದರು. ಬೆಳ್ಳಿಯಪ್ಪ ತಾಯಿಯ ಕಡೆ ನೋಡಿದ, ತಾಯಿ ಚಾಪೆಯ ಕಡೆ. ಅವಳು ಈಗ ಬಾಯಿಬಿಟ್ಟರೆ ಸಾಕಿತ್ತು. ಓದಲಿಲ್ಲ ಅವರು, ಕೇಳಿದರೂ ಓದಲಿಲ್ಲ ಎಂದರೆ ಮುಗಿಯಿತು. ಅವಳು ಹೇಳುತ್ತಿರಲಿಲ್ಲ. ಅವನ ಮರ್ಯಾದೆ ಉಳಿಸುತ್ತಿದ್ದಾಳೆ ಎಂದು ಅವನಿಗೆ ಹೊಳೆದಾಗ ಮುಖಕ್ಕೆ ಯಾರೋ ಬಿಸಿನೀರು ಎರಚಿದಂತಾಯಿತು. ಆರು ಮನೆ ಹೋಗುವುದಿತ್ತು, ಅವುಗಳಲ್ಲಿ ಒಂದು ಅವಳದ್ದು, ಅವಳು ರೈಟರ ಮರ್ಯಾದೆ ಕಾಯುತ್ತ ಚಾಪೆಯ ಕಡ್ಡಿ ಕೀಳುತ್ತಿದ್ದಳು.

“ಓದಿ ಹೇಳ್ಲಿಲ್ಲ,” ಎಂದ.

“ಏನು?”

“ಓದಿ ಹೇಳ್ಲಿಲ್ಲ. ಅವ... ಅವರು ಕೇಳಿದ್ರು. ಬಸ್ಸಿಗೆ ಹೊತ್ತಾಯ್ತು ಅಂತ ಸುಳ್ಳು ಹೇಳ್ದೆ. ಸೈನು ಮಾಡಿದ್ದೂ ಸುಳ್ಳೇ.”

ನಿಂಗಯ್ಯ ಆರೂ ಹಳೆಯ ಹಾಳೆಗಳನ್ನು ಮಗುಚಿ ಅವನ ಮುಂದೆ ಜರುಗಿಸಿದ. “ಹಂಗಂತ ಬರೀರಿ. ಆರಕ್ಕೂ. ನಿಮ್ಮ ಕೆಲ್ಸಕ್ಕೆ ಕುತ್ತು ಬರತ್ತೆ ಅಂತ ಗೊತ್ತು. ಆದ್ರೂ ಬರೀರಿ.”

ಬರೆದ. ನಾಲ್ಕನೆಯದರ ಹೊತ್ತಿಗೆ ಅಕ್ಷರ ದುಂಡಗಾಗಿ ಬಂತು, ಅದನ್ನು ಕಂಡು ಪೆನ್ನು ಎತ್ತಿ, ಮತ್ತೆ ಬರೆದ. ಮುಗಿಸಿ, ಹೊಸ ಹಾಳೆ ಎತ್ತಿಕೊಂಡು ಚಾಪೆಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ. “ಈಗ ಓದ್ತೀನಿ ನಂಜಮ್ಮ. ಪೂರ್ತಿ ಓದ್ತೀನಿ.”

“ಬೇಡ,” ಎಂದಳು. ಮೆತ್ತಗೇ ಅಂದಳು. “ಮೇಷ್ಟ್ರು ಓದ್ಲಿ.”

ಮೇಷ್ಟ್ರು ಬಂದು ಬೆಂಚಿನ ಮೇಲೆ ಕೂತು ಓದಿದರು. ಅವಳು ತಲೆ ಒಂದು ಕಡೆ ವಾಲಿಸಿ, ಬಾಯಿ ಸ್ವಲ್ಪ ತೆರೆದು ಕೇಳಿದಳು. ಆನೆಯ ಮಾತಿಗೆ ಹ್ಞೂಂಗುಟ್ಟಿದಳು. ಮದುವೆಯಾದ ವರ್ಷಕ್ಕೆ “ಅದ್ರ ಮುಂದಿನ ವರ್ಷ” ಎಂದು ತಿದ್ದಿದಳು. ಹಲಸಿನ ಸಸಿ ನೆಟ್ಟದ್ದು, ಮನೆಗೆ ಬೆಂಕಿ ಬಿದ್ದದ್ದು, ಮತ್ತೆ ಕಟ್ಟಿದ್ದು. ಮೇಷ್ಟ್ರು ಓದಿ ಮುಗಿಸಿ ಹಾಳೆ ಮಡಿಸಲು ಹೋದರು.

“ಮುಗೀತಾ?”

“ಮುಗೀತು.”

“ಕೂಸಿನ ಮಾತು ಎಲ್ಲಿ?”

ಮೇಷ್ಟ್ರು ಹಾಳೆ ತಿರುಗಿಸಿ ನೋಡಿದರು. ಎರಡು ಮಗ್ಗುಲೂ ನೋಡಿ ದಯಾನಂದನ ಕಡೆ ನೋಡಿದರು.

“ಹೇಳಿದ್ನಲ್ಲ ರೈಟ್ರೆ. ಎರಡ್ನೇ ಕೂಸು, ಹೆಣ್ಣು. ಹದಿನೇಳು ದಿನ ಇತ್ತು. ಹಿತ್ಲಲ್ಲಿ ಹೊಂಗೆ ಮರದ ಬುಡಕ್ಕೆ ಮಣ್ಣು ಮಾಡಿದ್ವಿ. ಬಂದು ಹೋಗೋರು ಕೂಸಿನ ಮಣ್ಣು ಮಾಡಿ ಹೋಗ್ತಾರಾ ಅಂತ ಕೇಳಿದ್ನಲ್ಲ ನಾನು. ಟೇಪು ಓಡ್ತಿತ್ತು, ಕೆಂಪು ದೀಪ ಹತ್ತಿತ್ತು. ನೀವು ತಲೆ ಆಡಿಸಿದ್ರಿ.”

ತಲೆ ಆಡಿಸಿದ್ದು ನಿಜ. ಟೇಪಿನಲ್ಲಿ ಆ ಮಾತು ಇದ್ದದ್ದೂ ನಿಜ. ಕಾಲು ಚಾಚಿ ಕೂತು ಕೇಳುವಾಗ, ಇದು ವಿಷಯಕ್ಕೆ ಬೇಡದ್ದು, ಗೋಳು, ಎಂದು ಅಷ್ಟನ್ನು ಬಿಟ್ಟು ಮುಂದಕ್ಕೆ ಓಡಿಸಿದ್ದ. ಅದನ್ನು ಮಾಡಿದ್ದು ಯಾವ ಯಂತ್ರವೂ ಅಲ್ಲ. ಸರಿಯಾದ ಕಾಗದವೆಂದು ಎರಡು ಜೀಪು ಹತ್ತಿ ಎದೆಗೆ ಒತ್ತಿಕೊಂಡು ತಂದದ್ದು ಕೂಡ ಅವಳದ್ದಾಗಿರಲಿಲ್ಲ.

“ಅಂಚಲ್ಲಿ ಜಾಗ ಇದೆ, ನಾನು ಬರೀತೀನಿ,” ಎಂದರು ಮೇಷ್ಟ್ರು. “ನಿಧಾನಕ್ಕೆ ಹೇಳವ್ವ.” ಅವಳು ಹೇಳಿದಳು, ಅವರು ಆರೂ ಹಾಳೆಗಳ ಅಂಚಿನಲ್ಲಿ ಬರೆದರು, ಪ್ರತಿಸಲವೂ ಓದಿ ಹೇಳಿದರು. ಪ್ರತಿಸಲವೂ ಅವಳು ಹದಿನೇಳು ದಿನ ಎಂಬಲ್ಲಿ ತುಟಿ ಆಡಿಸಿದಳು. ನಿಂಗಯ್ಯ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಿದ್ದ. ಬೆಳ್ಳಿಯಪ್ಪನಿಗೆ ಈ ಅಕ್ಕನ ವಿಷಯ ಇವತ್ತೇ ಗೊತ್ತಾದದ್ದು ಎಂದು ಅವನ ಮುಖ ನೋಡಿದವರಿಗೆ ತಿಳಿಯುತ್ತಿತ್ತು.

ದಯಾನಂದ ಚೀಲದಿಂದ ಶಾಯಿಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಚಾಪೆಯ ಮೇಲಿಟ್ಟ. ಹದಿನೈದು ವರ್ಷ ಸಾವಿರಾರು ಬೆರಳು ಒತ್ತಿಸಿದ ಅಭ್ಯಾಸಕ್ಕೆ ಅವನ ಬಲಗೈ ತಾನಾಗಿ ಮುಂದೆ ಹೋಗಿ ಅವಳ ಮಣಿಕಟ್ಟನ್ನು ಹಿಡಿಯಲು ಚಾಚಿತು. ನಂಜಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು.

“ಬಿಡಿ ರೈಟ್ರೆ. ನಾನೇ ಒತ್ತೀನಿ.”

ಒಂದು, ಎರಡು, ಮೂರು. ಪ್ರತಿಯೊಂದಕ್ಕೂ ಮೊದಲು ಮೇಷ್ಟ್ರ ಮುಖ ನೋಡಿ, ಅವರು ಹ್ಞೂಂ ಅಂದ ಮೇಲೆ ಒತ್ತಿದಳು. ಐದನೆಯದು ಮಸುಕಾಯಿತೆಂದು ಮತ್ತೆ ಒತ್ತಿದಳು. ಅಷ್ಟು ಹೊತ್ತೂ ದಯಾನಂದ ಅವಳೆದುರು ಕುಕ್ಕರಗಾಲಲ್ಲೇ ಇದ್ದ, ಚಾಚಿದ ಕೈ ಚಾಚಿದಂತೆಯೇ ಇತ್ತು, ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ.